‘ಚೆನ್ನಾಗಿದೆ’ ಎಂದ ಮೇಲೆ ಏನು?

ಪ್ರಶ್ನೆ: ಛಾಯಾಚಿತ್ರಗಳ ಪ್ರದರ್ಶನ, ವಿನ್ಯಾಸದ ಮೇಳ, ಕರಕುಶಲ ವಸ್ತುಗಳ ಸಂಗ್ರಹಾಲಯ, ಇಂಥವುಗಳಿಗೆ ಹೋಗುವುದೆಂದರೆ ನನಗೆ ಇಷ್ಟ. ಆದರೆ ಒಳ್ಳೆಯ ಕೆಲಸವನ್ನು ಕಂಡಾಗ ‘ಚೆನ್ನಾಗಿದೆ’ ಎನ್ನುವುದರ ಆಚೆಗೆ ಏನೂ ತೋಚುವುದಿಲ್ಲ. ಜೊತೆಗೆ ಬಂದವರು ಸಂಯೋಜನೆ, ಸಮತೋಲನ ಎಂದೆಲ್ಲ ಮಾತಾಡುವಾಗ ಸುಮ್ಮನಿದ್ದುಬಿಡುತ್ತೇನೆ. ಚಿತ್ರ ಬರೆಯಲು ಬಾರದ, ಕ್ಯಾಮೆರಾ ಹಿಡಿಯದ ನನ್ನಂಥವರು ಇದನ್ನು ಕಲಿಯಬಹುದೇ? ನಿಜವಾದ ಕುಶಲತೆಗೂ ಕಣ್ಣು ಕೋರೈಸುವ ಆಡಂಬರಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಹೇಗೆ? ಯಂತ್ರದಲ್ಲಿ ತಯಾರಾದದ್ದನ್ನೂ ಮೆಚ್ಚಬಹುದೇ? ಕೆಲಸ ಮಾಡಿದವರೇ ಎದುರಿಗಿದ್ದರೆ ಅವರಿಗೆ ಏನು ಹೇಳಬೇಕು?

ಉತ್ತರ: ಖಂಡಿತ ಕಲಿಯಬಹುದು. ಚಿತ್ರ ಬರೆಯಲು ಬಾರದಿರುವುದು ಇದಕ್ಕೆ ಅಡ್ಡಿಯಾಗುವುದಿಲ್ಲ. ‘ಚೆನ್ನಾಗಿದೆ’ ಎಂಬ ಮಾತಿನಲ್ಲಿಯೂ ನನಗೆ ದೋಷ ಕಾಣುವುದಿಲ್ಲ. ಅನೇಕ ಸಲ ಅದು ಜೊತೆಗಾರರ ಪಾರಿಭಾಷಿಕ ಪದಗಳಿಗಿಂತ ಹೆಚ್ಚು ಪ್ರಾಮಾಣಿಕವಾದ ಮಾತು. ತೊಡಕು ಇರುವುದು ಆ ಮಾತನ್ನು ಆಡಿದೊಡನೆ ಮುಂದಿನ ಚಿತ್ರಕ್ಕೆ ಹೊರಟುಬಿಡುವುದರಲ್ಲಿ. ಅಲ್ಲಿಯೇ ಇನ್ನೊಂದಿಷ್ಟು ಹೊತ್ತು ನಿಂತು, ‘ಇದು ಬೇರೆ ಹೇಗೆ ಇರಬಹುದಿತ್ತು?’ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮನುಷ್ಯ ಮಾಡಿದ ಯಾವ ವಸ್ತುವೂ, ಅದು ಛಾಯಾಚಿತ್ರವಾಗಲಿ ಕುರ್ಚಿಯಾಗಲಿ, ತಾನಾಗಿ ಆ ರೂಪಕ್ಕೆ ಬಂದಿರುವುದಿಲ್ಲ; ಇಲ್ಲಿ ಇಷ್ಟು ಸಾಕು, ಇದನ್ನು ಬಿಡೋಣ, ಇದು ಹೀಗೇ ಇರಲಿ ಎಂದು ಒಬ್ಬರು ಒಂದಾದ ಮೇಲೊಂದು ತೀರ್ಮಾನ ಮಾಡುತ್ತ ಬಂದಿರುತ್ತಾರೆ. ಆ ತೀರ್ಮಾನಗಳು ಕಣ್ಣಿಗೆ ಬೀಳತೊಡಗಿದರೆ ಮೆಚ್ಚುಗೆಗೆ ಕಾರಣಗಳು ತಾವಾಗಿ ದೊರೆಯುತ್ತವೆ.

ಒಂದು ಪ್ರಸಿದ್ಧ ಛಾಯಾಚಿತ್ರದಿಂದಲೇ ಆರಂಭಿಸೋಣ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಕೊಯ್ಲಿಗೆಂದು ಬಂದು, ಬೆಳೆ ಹಾಳಾದ ಕಾರಣ ಕೆಲಸವಿಲ್ಲದೆ ಉಳಿದಿದ್ದ ಕೂಲಿಕಾರರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ‘ವಲಸೆ ತಾಯಿ’ ಎಂಬ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ನಡುವೆ ತಾಯಿ ಕುಳಿತಿದ್ದಾಳೆ. ಇಬ್ಬರು ಮಕ್ಕಳು ಅವಳ ಎರಡೂ ಭುಜಗಳಿಗೆ ಒರಗಿ ಕ್ಯಾಮೆರಾದಿಂದ ಮುಖ ತಿರುಗಿಸಿಕೊಂಡಿದ್ದಾರೆ. ಮಡಿಲಲ್ಲಿ ಕೂಸು ಮಲಗಿದೆ. ಅವಳ ಒಂದು ಕೈ ಗಲ್ಲದ ಬಳಿ ಇದೆ, ನೋಟ ನಮ್ಮನ್ನು ದಾಟಿ ಎಲ್ಲಿಯೋ ನೆಟ್ಟಿದೆ. ಲ್ಯಾಂಗ್ ಅದೇ ಹೊತ್ತಿನಲ್ಲಿ ಅದೇ ಕುಟುಂಬದ ಬೇರೆ ಚಿತ್ರಗಳನ್ನೂ ತೆಗೆದಿದ್ದರು ಮತ್ತು ಅವು ಉಳಿದುಬಂದಿವೆ ಎಂಬುದು ನಮ್ಮಂಥ ನೋಡುಗರ ಪುಣ್ಯ, ಏಕೆಂದರೆ ‘ಬೇರೆ ಹೇಗೆ ಇರಬಹುದಿತ್ತು’ ಎಂಬ ಪ್ರಶ್ನೆಗೆ ಇಲ್ಲಿ ಊಹೆಯ ಅಗತ್ಯವೇ ಇಲ್ಲ. ದೂರದಿಂದ ತೆಗೆದ ಚಿತ್ರಗಳಲ್ಲಿ ಡೇರೆ ಪೂರ್ತಿ ಕಾಣುತ್ತದೆ, ಸುತ್ತಲಿನ ಬಯಲು ಕಾಣುತ್ತದೆ, ದೊಡ್ಡ ಮಗಳೊಬ್ಬಳೂ ಇದ್ದಾಳೆ. ಅವು ಸುಳ್ಳು ಚಿತ್ರಗಳೂ ಅಲ್ಲ, ಕೆಟ್ಟ ಚಿತ್ರಗಳೂ ಅಲ್ಲ. ಒಂದು ಬಿಡಾರದ ಸ್ಥಿತಿಗತಿಯನ್ನು ಅವು ಹೆಚ್ಚು ವಿವರವಾಗಿಯೇ ಹೇಳುತ್ತವೆ.

ಹಾಗಾದರೆ ‘ವಲಸೆ ತಾಯಿ’ ಚಿತ್ರವೇ ಏಕೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ? ಮಕ್ಕಳ ಮುಖಗಳನ್ನೇ ಗಮನಿಸಿ, ಅಂದರೆ ಅವು ಕಾಣದಿರುವುದನ್ನು ಗಮನಿಸಿ. ಆ ಇಬ್ಬರೂ ಕ್ಯಾಮೆರಾ ನೋಡುತ್ತಿದ್ದರೆ ನಮ್ಮ ಕಣ್ಣು ಮೂರು ಮುಖಗಳ ನಡುವೆ ಅಲೆಯುತ್ತಿತ್ತು, ಪ್ರಾಯಶಃ ಮಕ್ಕಳ ಕುತೂಹಲವೇ ಮುಂದಾಗುತ್ತಿತ್ತು. ಈಗ ಎರಡು ತಲೆಗಳು ಎರಡು ಬದಿಯ ಗೋಡೆಗಳಂತೆ ನಿಂತು ಒಂದೇ ಮುಖದ ಕಡೆಗೆ ನಮ್ಮನ್ನು ದೂಡುತ್ತವೆ. ಡೇರೆ ಹೆಚ್ಚುಕಡಿಮೆ ಮಾಯವಾಗಿರುವುದರಿಂದ ಸ್ಥಳ ಮಸುಕಾಗಿ ವ್ಯಕ್ತಿ ಉಳಿದಿದ್ದಾಳೆ. ಇದರಿಂದ ಚಿತ್ರಕ್ಕೆ ದೊರೆತ ಲಾಭವೂ ಇದೆ, ಆದ ನಷ್ಟವೂ ಇದೆ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಬಲಗಡೆಯ ಕೆಳಮೂಲೆಯಲ್ಲಿದೆ. ಡೇರೆಯ ಕಂಬವನ್ನು ಹಿಡಿದ ಒಂದು ಹೆಬ್ಬೆರಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಕಣ್ಣನ್ನು ಮೂಲೆಗೆ ಎಳೆಯುತ್ತದೆ ಎಂದು ಲ್ಯಾಂಗ್‌ಗೆ ಅನ್ನಿಸಿ, 1939ರಲ್ಲಿ ಅದನ್ನು ನೆಗೆಟಿವ್‌ನಲ್ಲಿಯೇ, ಅಂದರೆ ಪ್ರತಿಗಳನ್ನು ತೆಗೆಯುವ ಮೂಲ ಫಿಲ್ಮ್‌ನಲ್ಲಿಯೇ, ತಿದ್ದಿಸಿ ಅಳಿಸಿದರು. ಅವರಿಗೆ ಈ ಕೆಲಸ ಕೊಟ್ಟಿದ್ದ ಸರ್ಕಾರಿ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಇದು ಹಿಡಿಸಲಿಲ್ಲ. ದಾಖಲೆಯನ್ನು ಮುಟ್ಟಬಾರದು ಎನ್ನುವವರೂ ಚಿತ್ರ ತನ್ನ ಮಾತನ್ನು ಸ್ಪಷ್ಟವಾಗಿ ಹೇಳಬೇಕು ಎನ್ನುವವರೂ ಇಲ್ಲಿ ಈಗಲೂ ವಾದಿಸಬಹುದು. ನನ್ನ ಒಲವು ಸ್ಟ್ರೈಕರ್ ಕಡೆಗಿದೆ: ಆ ಬೆರಳು ಇದ್ದಿದ್ದರೂ ಚಿತ್ರದ ಬಲವೇನೂ ಕುಂದುತ್ತಿರಲಿಲ್ಲ. ಚಿತ್ರದಲ್ಲಿರುವ ಮಹಿಳೆ ಯಾರೆಂಬುದು ಜಗತ್ತಿಗೆ ತಿಳಿದದ್ದು 1978ರಲ್ಲಿ, ಮತ್ತು ಈ ಖ್ಯಾತಿಯಿಂದ ತನಗೇನೂ ದಕ್ಕಲಿಲ್ಲ ಎಂದು ಆಕೆ ಬೇಸರಪಟ್ಟಿದ್ದರು ಎಂಬುದನ್ನೂ ಈ ಚಿತ್ರವನ್ನು ಮೆಚ್ಚುವವರು ತಿಳಿದಿರುವುದು ಒಳ್ಳೆಯದು.

ಇದರಿಂದ ನೀವು ಎಲ್ಲಿ ಬೇಕಾದರೂ ಬಳಸಬಹುದಾದ ಒಂದು ಅಭ್ಯಾಸ ಸಿಗುತ್ತದೆ: ಚಿತ್ರದ ನಡುಭಾಗವನ್ನು ನೋಡಿ ಮುಗಿಸಿದ ಮೇಲೆ ನಾಲ್ಕು ಅಂಚುಗಳ ಉದ್ದಕ್ಕೂ ಕಣ್ಣು ಹಾಯಿಸಿ. ಮುಖ್ಯ ವಿಷಯದ ಮೇಲೆ ಯಾರಾದರೂ ಗಮನ ಇಡುತ್ತಾರೆ. ಅಂಚಿನಲ್ಲಿ ಏನು ಒಳಗೆ ಬಂತು, ಏನು ತುಂಡಾಯಿತು, ಏನು ಹೊರಗುಳಿಯಿತು ಎಂಬುದನ್ನು ನೋಡಿಕೊಂಡವರೇ ಪಳಗಿದ ಛಾಯಾಗ್ರಾಹಕರು. ಆಮೇಲೆ ಬೆಳಕು ಯಾವ ದಿಕ್ಕಿನಿಂದ ಬಂದಿದೆ ಎಂದು ನೆರಳನ್ನು ನೋಡಿ ಕಂಡುಹಿಡಿಯಿರಿ. ಯಾವ ಭಾಗ ಸ್ಫುಟವಾಗಿದೆ, ಯಾವುದನ್ನು ಬೇಕೆಂದೇ ಮಸುಕಾಗಿ ಬಿಡಲಾಗಿದೆ ಎಂಬುದನ್ನು ಗಮನಿಸಿ. ಕ್ಯಾಮೆರಾ ನೆಲಕ್ಕೆ ಹತ್ತಿರವಿತ್ತೋ ನಿಂತವರ ಕಣ್ಣಿನ ಮಟ್ಟದಲ್ಲಿತ್ತೋ ಎಂಬುದಂತೂ ಒಂದೆರಡು ಕ್ಷಣದಲ್ಲಿ ತಿಳಿಯುವ ವಿಷಯ, ಆದರೂ ಬಹಳಷ್ಟು ಜನ ಅದನ್ನು ಕೇಳಿಕೊಳ್ಳುವುದೇ ಇಲ್ಲ.

ಕ್ಯಾಮೆರಾದ ಗುಂಡಿ ಒತ್ತಿದಲ್ಲಿಗೆ ತೀರ್ಮಾನಗಳು ಮುಗಿಯುವುದೂ ಇಲ್ಲ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ ದೃಶ್ಯವನ್ನು ಸೆರೆಹಿಡಿದಾಗ, ಮುಂಭಾಗದ ಶಿಲುಬೆಗಳ ಮೇಲಿನ ಸಂಜೆಯ ಬಿಸಿಲು ಇನ್ನೇನು ಜಾರಿಹೋಗುವುದರಲ್ಲಿತ್ತು. ಬೆಳಕನ್ನು ಅಳೆಯುವ ಮೀಟರ್ ಕೈಗೆ ಸಿಗದೆ, ಚಂದ್ರನ ಕಾಂತಿ ಎಷ್ಟೆಂದು ನೆನಪಿನಲ್ಲಿದ್ದ ಅಂಕಿಯಿಂದ ಲೆಕ್ಕ ಹಾಕಿ ಅವರು ಚಿತ್ರ ತೆಗೆದರು. ಜನ ಸಾಮಾನ್ಯವಾಗಿ ಹೇಳುವ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ನೆಗೆಟಿವ್‌ನಲ್ಲಿ ನೆಲದ ಭಾಗ ತೆಳುವಾಗಿ ಬಂದಿತ್ತು, ಆಕಾಶದಲ್ಲಿ ಮೋಡದ ಎಳೆಗಳಿದ್ದವು. 1948ರಲ್ಲಿ ಅವರು ನೆಗೆಟಿವ್‌ನ ಕೆಳಭಾಗವನ್ನು ಮಾತ್ರ ರಾಸಾಯನಿಕದಿಂದ ಗಾಢಗೊಳಿಸಿದರು. ಮುಂದೆ ದಶಕಗಳ ಕಾಲ ಅದೇ ನೆಗೆಟಿವ್‌ನಿಂದ ಪ್ರತಿ ತೆಗೆಯುತ್ತ ಹೋದಂತೆ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸುತ್ತ ಬಂದರು. ಆರಂಭದ ಪ್ರತಿಯನ್ನೂ ತಡವಾದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೊದಲನೆಯದು ಒಂದು ಸಂಜೆ, ಎರಡನೆಯದು ರಾತ್ರಿಯ ನಾಟಕ ಎನ್ನಿಸುತ್ತದೆ. ತಿದ್ದಿದ ಚಿತ್ರಗಳೆಲ್ಲ ಮೋಸ ಎಂದು ಇಂದು ಸುಲಭವಾಗಿ ಹೇಳುವವರು ಈ ಎರಡು ಪ್ರತಿಗಳನ್ನು ನೋಡಬೇಕು. ಸುದ್ದಿಯೆಂದು ಕೊಟ್ಟ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಿದರೆ ಅದು ಮೋಸವೇ. ಆದರೆ ಬೆಳಕು ನೆರಳುಗಳ ತೂಕವನ್ನು ಹದಗೊಳಿಸುವುದು ಈ ಕಲೆಯ ಹುಟ್ಟಿನಿಂದಲೂ ಅದರ ಅಂಗವಾಗಿದೆ.

ಇದೆಲ್ಲ ಕಾಣಬೇಕಾದರೆ ಸಮಯ ಬೇಕು, ನಾವು ಸಾಮಾನ್ಯವಾಗಿ ಕೊಡುವುದಕ್ಕಿಂತ ಬಹಳ ಹೆಚ್ಚು. ಹಾರ್ವರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರರಾದ ಜೆನ್ನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಕಲಾಕೃತಿಯ ಮುಂದೆ ಪೂರ್ತಿ 3 ಗಂಟೆ ಕುಳಿತು ನೋಡುವ ಕೆಲಸ ಕೊಡುತ್ತಾರೆ. ಅವರೇ ಜಾನ್ ಸಿಂಗಲ್ಟನ್ ಕಾಪ್ಲಿ 1765ರಲ್ಲಿ ಬರೆದ, ಪಳಗಿಸಿದ ಅಳಿಲಿನೊಂದಿಗೆ ಕುಳಿತ ಹುಡುಗನ ಚಿತ್ರವನ್ನು ಹಾಗೆ ನೋಡಿದಾಗ, ಹುಡುಗನ ಕಿವಿಯ ಆಕಾರವೇ ಅಳಿಲಿನ ಹೊಟ್ಟೆಯ ತುಪ್ಪಳದ ಅಂಚಿನಲ್ಲಿಯೂ ಇದೆ ಎಂಬುದು ಹೊಳೆಯಲು 9 ನಿಮಿಷ ಬೇಕಾಯಿತು. ಸರಪಳಿ ಹಿಡಿದ ಬೆರಳುಗಳ ನಡುವಿನ ಅಂತರ ಕೆಳಗಿರುವ ನೀರಿನ ಲೋಟದ ಬಾಯಿಯಷ್ಟೇ ಇದೆ ಎಂಬುದು ಕಂಡದ್ದು 21 ನಿಮಿಷದ ಮೇಲೆ. ಪರಿಣತರ ಕಣ್ಣಿಗೇ ಇಷ್ಟು ಹೊತ್ತು ಹಿಡಿದಿರುವಾಗ, ಅರೆ ನಿಮಿಷದಲ್ಲಿ ನಮಗೆ ಏನೂ ತೋಚಲಿಲ್ಲವೆಂದು ಕುಗ್ಗಬೇಕಾದ್ದಿಲ್ಲ. ನೀವು 3 ಗಂಟೆ ಕೂರಬೇಕೆಂದು ನಾನು ಹೇಳುವುದಿಲ್ಲ. ಒಂದು ಪ್ರದರ್ಶನದಲ್ಲಿ ಎಲ್ಲವನ್ನೂ ಬೇಗ ಒಂದು ಸುತ್ತು ನೋಡಿ, ಮನಸ್ಸು ಹಿಂದಕ್ಕೆ ಎಳೆದ ಒಂದೇ ಒಂದನ್ನು ಆರಿಸಿಕೊಂಡು ಅದರ ಮುಂದೆ ಕಾಲು ಗಂಟೆ ನಿಲ್ಲಿ. ಮೊದಲ ಐದು ನಿಮಿಷದ ಬಳಿಕ ಬೇಸರ ಬರುತ್ತದೆ. ನೋಡುವುದು ನಿಜವಾಗಿ ಶುರುವಾಗುವುದು ಆ ಬೇಸರ ಕಳೆದ ಮೇಲೆ.

ಇನ್ನು ನಿಮ್ಮ ಜೊತೆಗಾರರ ಸಂಯೋಜನೆ, ಸಮತೋಲನಗಳ ವಿಷಯ. ಆ ಪದಗಳು ಉಪಯುಕ್ತವೇ, ಆದರೆ ಚಿತ್ರದಲ್ಲಿ ಇಂಥ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಅವುಗಳಿಂದ ಏನೂ ಹೇಳಿದಂತಾಗುವುದಿಲ್ಲ. ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆ ಎಳೆದು, ವಿಷಯ ಆ ಗೆರೆಯ ಮೇಲಿದ್ದರೆ ಚಿತ್ರ ಚೆಂದ ಎನ್ನುವ ಸೂತ್ರವನ್ನೂ ನೀವು ಕೇಳಿರಬಹುದು. ಮೂರನೇ ಒಂದರ ನಿಯಮ ಎಂಬ ಈ ಮಾತನ್ನು 1797ರಲ್ಲಿಯೇ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದರು ಭೂದೃಶ್ಯ ಚಿತ್ರಗಳ ಸಂದರ್ಭದಲ್ಲಿ ಬಳಸಿದ್ದರು, ಕ್ಯಾಮೆರಾ ಆಗ ಹುಟ್ಟಿಯೇ ಇರಲಿಲ್ಲ. ಹೊಸದಾಗಿ ಕಲಿಯುವವರಿಗೆ ಅದು ಊರುಗೋಲು. ನೋಡುಗರು ಅದನ್ನು ಅಳತೆಗೋಲಾಗಿ ಹಿಡಿದರೆ, ಮೇಲೆ ಹೇಳಿದ ಲ್ಯಾಂಗ್ ಅವರ ಚಿತ್ರ, ಮುಖ ಹೆಚ್ಚುಕಡಿಮೆ ನಡುಮಧ್ಯದಲ್ಲಿರುವ ಕಾರಣಕ್ಕೆ, ಪರೀಕ್ಷೆಯಲ್ಲಿ ಅನುತ್ತೀರ್ಣವಾಗಬೇಕಾಗುತ್ತದೆ.

ಯಂತ್ರದಲ್ಲಿ ತಯಾರಾದದ್ದನ್ನು ಮೆಚ್ಚಬಹುದೇ ಎಂಬ ಪ್ರಶ್ನೆಗೆ ಒಂದು ಕುರ್ಚಿ ಚೆನ್ನಾಗಿ ಉತ್ತರ ಕೊಡುತ್ತದೆ. ಮೈಕೆಲ್ ಥೋನೆಟ್ ಅವರ ಕಂಪನಿ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಯಲ್ಲಿ ಇರುವುದು ಮರದ 6 ಭಾಗಗಳು, 10 ಸ್ಕ್ರೂಗಳು ಮತ್ತು 2 ನಟ್‌ಗಳು, ಅಷ್ಟೇ. ಬಿಡಿಸಿದ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು, ಹೋದ ಊರಿನಲ್ಲಿ ಜೋಡಿಸಿಕೊಂಡರಾಯಿತು. ಹಿಂದಿನ ಎರಡು ಕಾಲುಗಳು ಮತ್ತು ಬೆನ್ನಿನ ಹೊರ ಕಮಾನು ಒಂದೇ ಉದ್ದನೆಯ ಬೀಚ್ ಮರದ ದಂಡ. ಅದನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಲಾಗಿದೆ. ಹಬೆಯಲ್ಲಿ ಮೆತ್ತಗಾದ ಮರವನ್ನು ಸಾಕಷ್ಟು ಒತ್ತಿ ಕುಗ್ಗಿಸಬಹುದು, ಆದರೆ ಎಳೆದು ಹಿಗ್ಗಿಸಲಾಗದು. ಬಗ್ಗಿಸುವಾಗ ಹೊರಮೈ ಹಿಗ್ಗಲು ಹೋಗಿ ಸೀಳುತ್ತದೆ. ಥೋನೆಟ್ ಹೊರಮೈಗೆ ಲೋಹದ ಪಟ್ಟಿಯೊಂದನ್ನು ಬಿಗಿದು, ಎಳೆತವೆಲ್ಲ ಪಟ್ಟಿಯ ಪಾಲಿಗೆ ಹೋಗಿ ಮರಕ್ಕೆ ಒತ್ತಡ ಮಾತ್ರ ಉಳಿಯುವಂತೆ ಮಾಡಿದರು. ಇಷ್ಟು ತಿಳಿದ ಮೇಲೆ ಆ ಕಮಾನನ್ನು ಮತ್ತೆ ನೋಡಿ. ಅಲ್ಲಿ ಅಂಟಿಸಿದ ಕೀಲಿಲ್ಲ, ಆದ್ದರಿಂದ ಅಲ್ಲಿ ಸಡಿಲಾಗುವುದಕ್ಕೂ ಏನಿಲ್ಲ. ಮರದ ಎಳೆಗಳು ಎಲ್ಲಿಯೂ ಕಡಿಯದೆ ಬಾಗಿನ ಜೊತೆಗೇ ಹರಿದಿವೆ, ಆದ್ದರಿಂದಲೇ ಅಷ್ಟು ತೆಳುವಾದ ದಂಡ ಮನುಷ್ಯನ ಭಾರವನ್ನು ಹೊರುತ್ತದೆ. ಕುರ್ಚಿಯ ಚೆಲುವು, ಬಾಳಿಕೆ, ಸಾಗಣೆಯ ಸುಲಭ ಮೂರೂ ಒಂದೇ ತೀರ್ಮಾನದಿಂದ ಬಂದಿವೆ. ಒಳ್ಳೆಯ ವಿನ್ಯಾಸವನ್ನು ಗುರುತಿಸಲು ನಾನು ಬಳಸುವ ಪರೀಕ್ಷೆ ಇದೇ: ಒಂದು ಉಪಾಯ ಎಷ್ಟು ತೊಡಕುಗಳನ್ನು ಒಟ್ಟಿಗೆ ಬಿಡಿಸಿದೆ?

ವಿನ್ಯಾಸದಲ್ಲಿ ಬಿಟ್ಟದ್ದರ ಬೆಲೆ ತಿಳಿಯಬೇಕಾದರೆ 1933ರಲ್ಲಿ ಪ್ರಕಟವಾದ ಲಂಡನ್ ಭೂಗತ ರೈಲಿನ ನಕ್ಷೆಯನ್ನು ನೋಡಬೇಕು. ಅದನ್ನು ರಚಿಸಿದ ಹ್ಯಾರಿ ಬೆಕ್ ತಾಂತ್ರಿಕ ನಕ್ಷೆಗಳನ್ನು ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಅವರು ನಿಲ್ದಾಣಗಳ ನಡುವಿನ ನಿಜವಾದ ದೂರವನ್ನೇ ಕೈಬಿಟ್ಟು, ಮಾರ್ಗಗಳನ್ನು ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಗೆರೆಗಳಿಗೆ ಇಳಿಸಿದರು. ನೆಲದಡಿ ಹೋಗುವವರಿಗೆ ಬೇಕಾದದ್ದು ಯಾವ ನಿಲ್ದಾಣದ ಬಳಿಕ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದು ಮಾತ್ರ. ಭೂಪಟವೆಂದು ನೋಡಿದರೆ ಅದು ತಪ್ಪು, ಆದರೂ ಜಗತ್ತಿನ ಅನೇಕ ನಗರಗಳ ರೈಲು ನಕ್ಷೆಗಳು ಇಂದಿಗೂ ಅದೇ ದಾರಿಯಲ್ಲಿವೆ.

ಈಗ ಕುಶಲತೆ ಮತ್ತು ಆಡಂಬರದ ಪ್ರಶ್ನೆ. ನನಗೆ ಹೆಚ್ಚು ಪ್ರಿಯವಾದದ್ದೂ ಇದೇ. ಮರದ ಮೇಜಿನ ಮುಂದೆ ನಿಂತಾಗ ಮೇಲಿನ ಹೊಳಪನ್ನು ಬಿಟ್ಟು ಒಂದು ಡ್ರಾಯರ್ ಅನ್ನು, ಅನುಮತಿ ಇದ್ದರೆ, ಪೂರ್ತಿ ಹೊರಗೆ ಎಳೆದು ನೋಡಿ. ಮುಂದಿನ ಹಲಗೆಯೂ ಪಕ್ಕದ ಹಲಗೆಯೂ ಸೇರುವ ಮೂಲೆಯಲ್ಲಿ, ತುದಿ ಅಗಲವಾಗಿ ಬುಡ ಕಿರಿದಾದ ಕಚ್ಚುಗಳು ಒಂದರೊಳಗೊಂದು ಕೂತಿದ್ದರೆ ಅದು ಡವ್‌ಟೇಲ್ ಜೋಡಣೆ. ಆ ಅಗಲವಾದ ತುದಿಗಳು ಪಕ್ಕದ ಹಲಗೆಯಲ್ಲಿಯೇ ಏಕಿವೆ? ಡ್ರಾಯರ್ ಅನ್ನು ದಿನವೂ ಎಳೆಯುವುದು ಮುಂದಕ್ಕೆ. ಎಳೆದಷ್ಟೂ ಕಚ್ಚು ಬಿಗಿಯಾಗುತ್ತದೆ, ಅಂಟು ಒಣಗಿ ಉದುರಿದರೂ ಮುಂದಿನ ಹಲಗೆ ಕೈಗೆ ಕಿತ್ತುಬರುವುದಿಲ್ಲ. ಕಚ್ಚುಗಳ ಬುಡದಲ್ಲಿ ಸೂಜಿಯಲ್ಲಿ ಗೀರಿದಂಥ ಸಣ್ಣ ಗೆರೆಯೊಂದು ಕಂಡರೆ, ಅದು ಗರಗಸ ಎಲ್ಲಿಗೆ ನಿಲ್ಲಬೇಕೆಂದು ಬಡಗಿ ಹಾಕಿಕೊಂಡ ಗುರುತು. ಬಳಿಕ ಡ್ರಾಯರ್ ಅನ್ನು ತಲೆಕೆಳಗು ಮಾಡಿ ಅಡಿಹಲಗೆಯನ್ನು ನೋಡಿ. ಹಲಗೆ ಪ್ಲೈವುಡ್ ಅಲ್ಲದೆ ಅಪ್ಪಟ ಮರದ್ದಾಗಿದ್ದರೆ ಮರದ ಎಳೆ ಎಡದಿಂದ ಬಲಕ್ಕೆ ಹರಿದಿರಬೇಕು, ಹಲಗೆ ತನಗಾಗಿ ತೋಡಿದ ಸಂದಿನಲ್ಲಿ ಅಂಟಿಲ್ಲದೆ ಸುಮ್ಮನೆ ಕೂತಿರಬೇಕು, ಹಿಂದಿನ ಹಲಗೆ ಅದರ ಮೇಲಕ್ಕೆ ನಿಂತಿರಬೇಕು. ಕಾರಣ ಇಷ್ಟೇ: ಗಾಳಿಯ ತೇವ ಏರಿ ಇಳಿದಂತೆ ಮರ ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಹೀಗೆ ಕೂರಿಸಿದಾಗ ಅಡಿಹಲಗೆ ಹಿಗ್ಗಿದರೂ ಹಿಂದಕ್ಕೆ ಜಾರುತ್ತದೆ, ಪಕ್ಕದ ಹಲಗೆಗಳನ್ನು ಒಡೆಯುವುದಿಲ್ಲ.

ಅಂಗೈಯಗಲದ ಈ ಜಾಗದಲ್ಲಿ ಒಬ್ಬ ಕುಶಲಕರ್ಮಿಯ ಮುಂದಾಲೋಚನೆ ಪೂರ್ತಿ ಕಾಣುತ್ತದೆ. ಆಡಂಬರದ ಕೆಲಸ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ: ಎದುರಿಗೆ ಕುಸುರಿ ಕೆತ್ತನೆ, ಒಳಗೆ ಮೊಳೆ. ಕೆತ್ತನೆಯ ಮೇಲೆ ನನಗೆ ದ್ವೇಷವಿಲ್ಲ. ವಸ್ತುವಿನ ಮೈಕಟ್ಟನ್ನು ಅನುಸರಿಸಿ, ಭಾರ ಹೊರುವ ಜಾಗವನ್ನು ಬಡವಾಗಿಸದೆ ಬಂದ ಅಲಂಕಾರ ಕಣ್ಣಿಗೆ ಹಬ್ಬ. ಕೀಲನ್ನು ಮರೆಮಾಡುವುದಕ್ಕೆಂದೇ ಬಂದ ಅಲಂಕಾರವನ್ನು ಸಂಶಯದಿಂದ ನೋಡಬೇಕು. ‘ಇದಕ್ಕೆ ಇಷ್ಟು ತಿಂಗಳು ಹಿಡಿಯಿತು’ ಎಂಬ ಮಾತಿಗೂ ಬೇಗನೆ ಮಾರುಹೋಗಬೇಡಿ. ಶ್ರಮಕ್ಕೆ ಗೌರವ ಸಲ್ಲಬೇಕು, ಆದರೆ ಶ್ರಮವೇ ಗುಣವಾಗುವುದಿಲ್ಲ.

ಕೈಕೆಲಸವೋ ಯಂತ್ರದ ಕೆಲಸವೋ ಎಂದು ಎರಡು ಪಕ್ಷ ಕಟ್ಟುವುದಕ್ಕಿಂತ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ 1968ರಲ್ಲಿ ಮುಂದಿಟ್ಟ ವಿಂಗಡಣೆ ನನಗೆ ಹೆಚ್ಚು ಒಪ್ಪಿಗೆ. ಕೊನೆಯ ಕ್ಷಣದವರೆಗೂ ಕೆಲಸಗಾರರ ಕೈ ಜಾರಿದರೆ ಕೆಟ್ಟುಹೋಗುವಂಥ ಕೆಲಸ ಒಂದು ಬಗೆಯದು. ಶುರುವಾಗುವ ಮೊದಲೇ ಫಲಿತಾಂಶ ನಿಗದಿಯಾಗಿರುವಂಥದ್ದು ಇನ್ನೊಂದು. ಮೊದಲನೆಯದರಲ್ಲಿ ನಾವು ಮೆಚ್ಚುವುದು ಕೈಯ ಹಿಡಿತವನ್ನು, ಎರಡನೆಯದರಲ್ಲಿ ಅಚ್ಚನ್ನೂ ವಿಧಾನವನ್ನೂ ರೂಪಿಸಿದವರ ಬುದ್ಧಿಯನ್ನು. ಎರಡಕ್ಕೂ ಒಂದೇ ಅಳತೆ ಹಿಡಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಯಂತ್ರದ ಲೋಹದ ತಟ್ಟೆಯ ಮೇಲೆ ಸುತ್ತಿಗೆ ಏಟಿನ ಗುರುತುಗಳನ್ನು ಅಚ್ಚೊತ್ತಿ ಕೈಕೆಲಸವೆಂಬಂತೆ ತೋರಿಸುವುದು ಮಾತ್ರ ಎರಡು ಕಡೆಯೂ ಸಲ್ಲದ ಕೆಲಸ. ಅದನ್ನು ಹಿಡಿಯುವುದೂ ಕಷ್ಟವಲ್ಲ: ಒಂದೇ ಗುರುತು ಒಂದೇ ಕೋನದಲ್ಲಿ ಮತ್ತೆ ಮತ್ತೆ ಬರುತ್ತಿದೆಯೇ ಎಂದು ಹುಡುಕಿ.

ಅಭ್ಯಾಸದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದೇ ಜಾತಿಯ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿ ನೋಡಿ. ಒಂದನ್ನೇ ನೋಡಿದಾಗ ಮೂಕವಾಗುವ ಬಾಯಿ, ಹೋಲಿಕೆ ಸಿಕ್ಕೊಡನೆ ತೆರೆದುಕೊಳ್ಳುತ್ತದೆ. ಪಕ್ಕದ ವಿವರಣೆಯ ಚೀಟಿಯನ್ನು ಮೊದಲು ಓದಬೇಡಿ, ಆದರೆ ಆಮೇಲೆ ತಪ್ಪದೆ ಓದಿ. ಚಿತ್ರ ಬರೆಯಲು ಬಾರದು ಎಂದಿದ್ದೀರಿ. ಆದರೂ ಪೆನ್ಸಿಲ್ ಹಿಡಿದು ಒಂದು ಲೋಟದ ಆಕಾರವನ್ನು ಒರಟಾಗಿ ಬರೆಯಲು ಯತ್ನಿಸಿ, ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅಂಚು ಎಲ್ಲಿ ಹೊರಕ್ಕೆ ತಿರುಗುತ್ತದೆ ಎಂದು ಬರೆಯುವ ಕೈ ನಿರ್ಧರಿಸಬೇಕಾದಾಗ, ನೀವು ಅದನ್ನು ಈವರೆಗೆ ನೋಡಿಯೇ ಇರಲಿಲ್ಲವೆಂದು ಗೊತ್ತಾಗುತ್ತದೆ.

ಕೆಲಸ ಮಾಡಿದವರು ಎದುರಿಗಿದ್ದಾಗ ‘ಅದ್ಭುತ’, ‘ಅಮೋಘ’ ಎಂಬ ಮಾತುಗಳಿಗಿಂತ ನೀವು ಕಂಡ ಒಂದು ನಿರ್ದಿಷ್ಟ ಸಂಗತಿಯನ್ನು ಹೇಳಿ: ‘ಈ ಬದಿಯ ನೆರಳನ್ನು ಇಷ್ಟು ಗಾಢವಾಗಿಯೇ ಬಿಟ್ಟಿದ್ದೀರಲ್ಲ’, ‘ಈ ಹಿಡಿ ಕೆಳಗೆ ಬಂದಂತೆ ದಪ್ಪವಾಗಿದೆಯಲ್ಲ’. ಅದರ ಹಿಂದೆಯೇ, ಅದನ್ನು ಹಾಗೆ ಮಾಡಲು ಕಾರಣವೇನೆಂದು ಕೇಳಿ. ನಿಮ್ಮ ಊಹೆ ತಪ್ಪಾಗಿದ್ದರೂ ಅವರು ಬೇಸರಪಡುವುದಿಲ್ಲ. ಎಷ್ಟು ಹತ್ತಿರದಿಂದ ನೋಡಿದ್ದೀರಿ ಎಂಬುದು ಆ ಪ್ರಶ್ನೆಯಿಂದಲೇ ಅವರಿಗೆ ತಿಳಿಯುತ್ತದೆ. ಹಿಡಿಸದ ಕೆಲಸದ ಮುಂದೆಯೂ ಇದೇ ಪ್ರಶ್ನೆಯನ್ನು ಕೇಳಬಹುದು, ಸುಳ್ಳು ಹೊಗಳಿಕೆಯ ಸಂಕಟವೂ ತಪ್ಪುತ್ತದೆ. ಕೆಲವೊಮ್ಮೆ ‘ಗಡುವು ಮೀರುತ್ತಿತ್ತು, ಅದಕ್ಕೆ ಹಾಗಾಯಿತು’ ಎಂಬ ಉತ್ತರವೂ ಬರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಮಾಡುವವರ ತೀರ್ಮಾನಗಳಲ್ಲಿ ಗಡುವು, ಹಣ, ಕೈಗೆ ಸಿಕ್ಕ ಸಾಮಗ್ರಿ ಇವುಗಳ ಪಾಲು ನೋಡುಗರು ಎಣಿಸುವುದಕ್ಕಿಂತ ದೊಡ್ಡದಾಗಿರುತ್ತದೆ.